ಎಂಜಿನ್ನಿನ ತಾಪವೂ ತಗಡಿನ ಸಂದೂ

ವಿಮಾನವೆಂದೊಡನೆ ನಮ್ಮ ನಗರದವರ ಕಣ್ಣಮುಂದೆ ನಿಲ್ಲುವುದು ದೇವನಹಳ್ಳಿಯ ನಿಲ್ದಾಣ, ಇಲ್ಲವೇ ಯಲಹಂಕದ ಆಕಾಶದಲ್ಲಿ ಗರ್ಜಿಸುವ ಯುದ್ಧವಿಮಾನ. ಹವ್ಯಾಸಿಯೊಬ್ಬನು ನಕ್ಷೆಗಳನ್ನು ತರಿಸಿಕೊಂಡು, ಶೆಡ್ಡೊಂದರಲ್ಲಿ ವರ್ಷಗಟ್ಟಲೆ ದುಡಿದು, ತನ್ನ ಕೈಯಿಂದಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನವೂ ಲೋಕದಲ್ಲಿ ಉಂಟೆಂಬುದು ಅನೇಕರಿಗೆ ತಿಳಿಯದು. ಆದರೂ ಆ ವಿದ್ಯೆ ಬೆಂಗಳೂರಿಗೆ ಅಪರಿಚಿತವಲ್ಲ. ಅಮೆರಿಕದ ಬರ್ಟ್ ರುಟಾನರು ಹವ್ಯಾಸಿಗಳಿಗೆಂದೇ ರಚಿಸಿದ ಲಾಂಗ್-ಈಝೀ ಎಂಬ ವಿನ್ಯಾಸವನ್ನು ಆಧರಿಸಿ, ಇಲ್ಲಿಯ ವೈಮಾನಿಕ ಸಂಶೋಧನೆಯ ಎನ್‌ಎಎಲ್ ಸಂಸ್ಥೆಯು 1987ರಲ್ಲಿಯೇ ಒಂದು ಲಘುವಿಮಾನವನ್ನು ಹಾರಿಸಿತು. 1993ರಲ್ಲಿ ಅದೇ ಸಂಸ್ಥೆಯ ಹಂಸವೆಂಬ ಲಘುವಿಮಾನ ಗಗನವನ್ನೇರಿತು.

ಲಾಂಗ್-ಈಝೀಯಲ್ಲಿ ಎಂಜಿನ್ನೂ ಪ್ರೊಪೆಲ್ಲರೂ ಹಿಂಭಾಗದಲ್ಲಿರತಕ್ಕವು. ಎಂಜಿನ್ನನ್ನು ತಣಿಸಲು, ಹೊಟ್ಟೆಯಡಿಯ ಬಾಯಿಂದ ಒಳಹೊಕ್ಕ ಗಾಳಿ ಸಿಲಿಂಡರುಗಳ ನಡುವೆ ಕೆಳಗಿನಿಂದ ಮೇಲಕ್ಕೆ ಹಾಯ್ದು ಹಿಂದಿನಿಂದ ಹೊರಬೀಳಬೇಕು. ಮುಂದಿರುವ ಪ್ರೊಪೆಲ್ಲರಾದರೆ ವಿಮಾನ ನೆಲದಲ್ಲಿ ತೆವಳುವಾಗಲೂ ಎಂಜಿನ್ನಿನ ಮೇಲೆ ಗಾಳಿ ತಳ್ಳುತ್ತಿರುತ್ತದೆ. ಹಿಂದಿರುವುದರಿಂದ ಆ ಉಪಕಾರ ಅಷ್ಟಾಗಿ ದೊರೆಯದು.

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚು ಕೆಲಸಕ್ಕೆ ಒದಗುವುದು ಅಪರೂಪ. ಉಳಿದದ್ದು ಹೊಗೆಯೊಡನೆ ಹೋಗಬೇಕು, ಇಲ್ಲವೇ ಸಿಲಿಂಡರಿನ ಮೈಯಿಂದ ಗಾಳಿಗೆ ಇಳಿಯಬೇಕು. ಹೆಸರಾಂತ ಲೈಕಮಿಂಗ್ ಎಂಜಿನ್ನುಗಳಲ್ಲಿ ಹಲವಕ್ಕೆ ಸಿಲಿಂಡರ್ ತಲೆಯ ಉಷ್ಣತೆಯ ಪರಮಮಿತಿ 260 ಡಿಗ್ರಿ ಸೆಲ್ಸಿಯಸ್. ದೀರ್ಘಾಯುಸ್ಸನ್ನು ಬಯಸುವವನು 225ರೊಳಗೇ ಇಟ್ಟುಕೊಳ್ಳುತ್ತಾನೆ. ವಿಮಾನ ಮೇಲೇರುವಾಗ ಎಂಜಿನ್ ತನ್ನ ಪೂರ್ಣ ಬಲದಿಂದ ದುಡಿಯುತ್ತಿರುತ್ತದೆ, ವೇಗವೋ ಅತ್ಯಲ್ಪ. ತಾಪ ಅತ್ಯಧಿಕವಾಗಿರುವ ಕ್ಷಣದಲ್ಲೇ ಗಾಳಿ ಅತ್ಯಲ್ಪವಾಗಿರುವುದು ಇದರ ಸಂಕಟ. ಅದರ ಮೇಲೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ, ಏಪ್ರಿಲಿನ 36 ಡಿಗ್ರಿಯ ಮಧ್ಯಾಹ್ನ, ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಕ್ಕಿಂತ ಸುಮಾರು ಆರರಲ್ಲೊಂದು ಪಾಲು ಕುಗ್ಗಿರುತ್ತದೆ.

ಹೊಸಬನಿಗೆ ಆಗ ಹೊಳೆಯುವ ಪರಿಹಾರ, ಗಾಳಿ ನುಗ್ಗುವ ಬಾಯಿಯನ್ನು ದೊಡ್ಡದು ಮಾಡುವುದು. ಬಹುತೇಕ ದೋಷವಿರುವುದು ಅಲ್ಲಲ್ಲ. ಸಿಲಿಂಡರುಗಳ ಸುತ್ತ ಕೂರಿಸಿದ ಬ್ಯಾಫಲ್ ಎಂಬ ಅಲ್ಯುಮಿನಿಯಂ ತಗಡುಗಳೂ ಅವುಗಳ ಅಂಚಿನ ರಬ್ಬರ್ ಪಟ್ಟಿಗಳೂ ಗಾಳಿಯನ್ನು ಸಿಲಿಂಡರಿನ ಮೈಮೇಲಿನ ತೆಳು ಏಣುಗಳಾದ ಫಿನ್ನುಗಳ ನಡುವೆಯೇ ಹಾಯುವಂತೆ ಒತ್ತಾಯಿಸಬೇಕು; ನೀರಿಗೆ ತಗ್ಗು ಹೇಗೋ ಗಾಳಿಗೆ ಸಂದು ಹಾಗೆ, ಕಿರುಬೆರಳು ತೂರುವಷ್ಟು ಸಂದಿದ್ದರೂ ಸಾಕು, ಅದು ಫಿನ್ನುಗಳ ಇಕ್ಕಟ್ಟನ್ನು ಬಿಟ್ಟು ಅಲ್ಲಿಂದಲೇ ನುಸುಳಿಹೋಗುತ್ತದೆ. ಬಲ್ಲವರು ಕತ್ತಲೆ ಮಾಡಿ, ಬ್ಯಾಫಲಿನ ಒಂದು ಪಕ್ಕದಲ್ಲಿ ದೀಪವಿಟ್ಟು, ಇನ್ನೊಂದು ಪಕ್ಕದಿಂದ ಬೆಳಕು ಇಣುಕುವ ಜಾಗಗಳನ್ನು ಗುರುತುಹಾಕಿಕೊಳ್ಳುತ್ತಾರೆ. ಬಣ್ಣದ ನೀರು ತುಂಬಿದ ಬಾಗುಗೊಳವೆಯ ಒಂದು ತುದಿಯನ್ನು ಗಾಳಿ ಒಳಬರುವ ಪಕ್ಕಕ್ಕೂ ಇನ್ನೊಂದನ್ನು ಹೊರಹೋಗುವ ಪಕ್ಕಕ್ಕೂ ಸೇರಿಸಿದರೆ, ಒತ್ತಡದ ವ್ಯತ್ಯಾಸ ಅಂಗುಲಗಳಲ್ಲಿ ಕಣ್ಣಿಗೇ ಕಾಣುತ್ತದೆ. ಐದಾರು ಅಂಗುಲ ಬರದಿದ್ದರೆ ಮತ್ತೆ ಸಂದು ಹುಡುಕತಕ್ಕದ್ದು.

ಇದನ್ನು ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಹೊರದೇಶದ ಎಂಜಿನ್ನುಗಳೊಳಗೆ ಗಾಳಿ ಹರಿಯುವ ಬಗೆಯನ್ನು ಗಣಕದ ಪರದೆಯ ಮೇಲೆ ವರ್ಣಮಯವಾಗಿ ತೋರಿಸಬಲ್ಲ ತರುಣರಿದ್ದಾರೆ; ಪೀಣ್ಯದ ಶೆಡ್ಡುಗಳಲ್ಲಿ ತಗಡನ್ನು ಕೂದಲೆಳೆಯಷ್ಟೂ ತಪ್ಪದಂತೆ ಬಗ್ಗಿಸಬಲ್ಲ ಕೈಗಳಿವೆ. ಇವೆರಡೂ ಒಂದು ಎಂಜಿನ್ನಿನ ಮುಂದೆ ಕೂಡಿನಿಲ್ಲುವ ಪ್ರಸಂಗವೇ ಬಾರದಿರುವುದು, ನನ್ನ ಮಟ್ಟಿಗೆ, ಈ ನಗರದ ದೊಡ್ಡ ಅಪವ್ಯಯ. ಮನೆಯಲ್ಲಿ ಕಟ್ಟಿದ ವಿಮಾನ ಅಪಾಯವಲ್ಲವೇ, ಸಿರಿವಂತರ ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಹಾರುವ ಮುನ್ನ ಪರೀಕ್ಷೆ ಕಟ್ಟುನಿಟ್ಟಾಗಿರಲೇಬೇಕು, ಅದರಲ್ಲಿ ವಾದವಿಲ್ಲ. ಕಲಿಯುವುದಕ್ಕಾದರೋ ಹಾರಲೇಬೇಕೆಂದಿಲ್ಲ. ವೈಮಾನಿಕ ವಿಭಾಗವಿರುವ ಪ್ರತಿಯೊಂದು ಕಾಲೇಜೂ ಆಯುಸ್ಸು ತೀರಿದ ಎಂಜಿನ್ನೊಂದನ್ನು ತಂದು ನೆಲಕ್ಕೆ ಬಿಗಿದು, ಅದರ ಬ್ಯಾಫಲುಗಳನ್ನು ವಿದ್ಯಾರ್ಥಿಗಳಿಂದಲೇ, ಪೀಣ್ಯದ ಮೇಸ್ತ್ರಿಯೊಬ್ಬನ ಮಾರ್ಗದರ್ಶನದಲ್ಲಿ, ಮಾಡಿಸಲಿ. ದೊಡ್ಡ ಫ್ಯಾನೊಂದರಿಂದ ಗಾಳಿ ಹಾಯಿಸಲಿ. ಆ ಮೇಸ್ತ್ರಿಗೆ ಅಧ್ಯಾಪಕರಿಗೆ ಸಮನಾದ ಸಂಭಾವನೆ ಸಲ್ಲಲಿ. ವರದಿಯ ಪುಟಗಳನ್ನು ಎಣಿಸದೆ, ಗೊಳವೆಯಲ್ಲಿ ನೀರು ಎಷ್ಟು ಅಂಗುಲ ಏರಿತೆಂಬುದನ್ನು ನೋಡಿ ಪರೀಕ್ಷಕರು ಅಂಕ ಕೊಡಲಿ.