ನಾಣ್ಯ ನುಂಗಿದ ಮಗುವಿಗೆ ಬಾಳೆಹಣ್ಣು ಬೇಡ

ಆಡುತ್ತಿದ್ದ ಕೂಸು ನಾಣ್ಯವನ್ನು ನುಂಗಿತೆಂದು ತಿಳಿದೊಡನೆಯೆ ನಮ್ಮ ಮನೆಗಳಲ್ಲಿ ಒಬ್ಬರು ಅದರ ಗಂಟಲಿಗೆ ಬೆರಳು ಹಾಕುವರು, ಇನ್ನೊಬ್ಬರು ಕಾಲು ಹಿಡಿದು ತಲೆಕೆಳಗಾಗಿಸುವರು, ಮತ್ತೊಬ್ಬರು ಬಾಳೆಹಣ್ಣನ್ನೋ ಅನ್ನದ ತುತ್ತನ್ನೋ ನುಂಗಿಸಿ ಮೇಲೆ ಹರಳೆಣ್ಣೆ ಕುಡಿಸಲು ಮುಂದಾಗುವರು. ಇವೆಲ್ಲ ವಾತ್ಸಲ್ಯದಿಂದ ಹುಟ್ಟಿದ ಕ್ರಿಯೆಗಳೆಂಬುದು ನಿಸ್ಸಂಶಯ. ಆದರೆ ಒಂದೂ ಮಗುವಿಗೆ ಹಿತವಲ್ಲ. ಬೆರಳು ನಾಣ್ಯವನ್ನು ಇನ್ನೂ ಒಳಕ್ಕೆ ತಳ್ಳಬಲ್ಲುದು. ವಾಂತಿಯಾದರೆ ಅದು ಶ್ವಾಸಮಾರ್ಗಕ್ಕೆ ಜಾರಬಲ್ಲುದು. ಅರಿವಳಿಕೆ ಕೊಟ್ಟು ನಾಣ್ಯವನ್ನು ತೆಗೆಯಬೇಕಾಗಿ ಬಂದಲ್ಲಿ, ಹೊಟ್ಟೆಗಿಳಿದ ಹಣ್ಣು ವೈದ್ಯರನ್ನು ತಾಸುಗಟ್ಟಲೆ ಕಾಯಿಸುವುದು. ಮಾಡತಕ್ಕ ಕೆಲಸ ಒಂದೇ: ಮಗುವನ್ನು ತಡವಿಲ್ಲದೆ ಎಕ್ಸ್-ರೇ ಇರುವ ಆಸ್ಪತ್ರೆಗೆ ಒಯ್ಯುವುದು.

ಜಠರವನ್ನು ಸೇರಿದ ನಾಣ್ಯ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಮಲದೊಡನೆ ತಾನಾಗಿಯೇ ಹೊರಬೀಳುವುದು. ಅನ್ನನಾಳದಲ್ಲಿ, ವಿಶೇಷವಾಗಿ ಕೊರಳಿನ ಬುಡದ ಇಕ್ಕಟ್ಟಿನಲ್ಲಿ, ತಡೆದು ನಿಂತ ನಾಣ್ಯವನ್ನಾದರೋ ಮಗು ನೆಮ್ಮದಿಯಾಗಿದ್ದರೂ 24 ಗಂಟೆಗಳೊಳಗೆ ತೆಗೆಯಬೇಕು. ಜೊಲ್ಲು ಸುರಿಯುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಕೂಡಲೆ ತೆಗೆಯಬೇಕು. ಉಸಿರೇ ಕಟ್ಟಿ ಅಳಲೂ ಕೆಮ್ಮಲೂ ಆಗದ ಸ್ಥಿತಿಯಲ್ಲಿ ಮಾತ್ರ, ಮಗುವನ್ನು ಮುಂದಕ್ಕೆ ಬಾಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟುತ್ತ, 108ಕ್ಕೆ ಕರೆ ಮಾಡಿಸತಕ್ಕದ್ದು.

ಇಷ್ಟು ಆತುರವೇಕೆಂದರೆ, ನುಂಗಿದ್ದು ನಾಣ್ಯವೇ ಎಂಬ ಭರವಸೆ ಯಾರಿಗೂ ಇಲ್ಲ. 2011ರ ಸರಣಿಯ ಒಂದು ರೂಪಾಯಿಯ ವ್ಯಾಸ ಸುಮಾರು 22 ಮಿಲಿಮೀಟರು. ರಿಮೋಟುಗಳಲ್ಲಿ ಸಾಮಾನ್ಯವಾಗಿರುವ ದೊಡ್ಡ ಬಟನ್ ಬ್ಯಾಟರಿಯದು 20. ಈ ಬಿಲ್ಲೆ ಅನ್ನನಾಳದಲ್ಲಿ ಸಿಲುಕಿದರೆ, ಅಲ್ಲಿಯ ತೇವದ ಮೂಲಕ ವಿದ್ಯುತ್ತು ಹರಿದು, ತೀಕ್ಷ್ಣವಾದ ಕ್ಷಾರ ಉತ್ಪನ್ನವಾಗಿ, ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲುದು. ಮಗು ಮೊದಲಿಗೆ ನಗುನಗುತ್ತಲೂ ಇರಬಹುದು. ಎಕ್ಸ್-ರೇಯಲ್ಲಿ ಬ್ಯಾಟರಿಯ ಅಂಚು ಸಾಮಾನ್ಯವಾಗಿ ಜೋಡಿ ಬಳೆಯಂತೆ ತೋರುವುದು, ನಾಣ್ಯದ್ದು ಹಾಗಲ್ಲ. ಆದುದರಿಂದ, ಚಿತ್ರ ನೋಡುವವರೆಗೆ ಪ್ರತಿಯೊಂದು ನಾಣ್ಯವನ್ನೂ ಬ್ಯಾಟರಿಯೆಂದೇ ಭಾವಿಸುವುದು ವಿವೇಕ.

ಇಂಥ ಅಪಾಯವನ್ನು ಬರುವ ಮೊದಲೇ ತಡೆಯುವುದು ಇನ್ನೂ ಮೇಲು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜಾಕ್ಸನ್ ಎಂಬ ವೈದ್ಯರಿದ್ದರು. ಗಂಟಲು ಶ್ವಾಸಕೋಶಗಳಿಂದ ಎರಡು ಸಾವಿರಕ್ಕೂ ಮಿಕ್ಕಿ ವಸ್ತುಗಳನ್ನು ತೆಗೆದ ಆ ಮಹನೀಯರು ಅಷ್ಟಕ್ಕೇ ತೃಪ್ತರಾಗದೆ, ಮಕ್ಕಳ ಅನ್ನನಾಳವನ್ನು ಸುಡುತ್ತಿದ್ದ ಕ್ಷಾರದ ಡಬ್ಬಿಗಳ ಮೇಲೆ ವಿಷವೆಂಬ ಎಚ್ಚರಿಕೆ ಇರಲೇಬೇಕೆಂದು ಹೋರಾಡಿ, 1927ರಲ್ಲಿ ಅಲ್ಲಿ ಶಾಸನವಾಗುವಂತೆ ಮಾಡಿದರು. ನಮ್ಮಲ್ಲಿಯೂ ಆಟಿಕೆಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಕ್ಕಳ ಕೈಗೆ ಸಿಕ್ಕುವುದು ಆಟಿಕೆಯೊಂದೇ ಅಲ್ಲವಾದ್ದರಿಂದ, ರಿಮೋಟು, ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಇವುಗಳ ಬ್ಯಾಟರಿ ಮುಚ್ಚಳವೂ ಸ್ಕ್ರೂಡ್ರೈವರ್ ಇಲ್ಲದೆ ತೆರೆಯಲಾಗದಂತೆ ಇರಬೇಕೆಂಬ ಕಟ್ಟುನಿಟ್ಟು ನಿಯಮ ಬೇಕು. ಅಂಗನವಾಡಿಯಲ್ಲಿ ಲಸಿಕೆಗೆಂದು ಬರುವ ತಾಯಂದಿರಿಗೆ ಈ ನಾಲ್ಕು ಮಾತುಗಳನ್ನು ಹೇಳುವ ಏರ್ಪಾಡೂ ಆಗಬೇಕು. ಅವಘಡದ ಗಳಿಗೆಯಲ್ಲಿ ಉಪದೇಶವನ್ನು ಕೇಳುವ ವ್ಯವಧಾನ ಯಾವ ತಾಯಿಗೂ ಇರದು. ಮುಂಚಿತವಾಗಿ ತಿಳಿದಿದ್ದ ಮಾತೊಂದೇ ಆಗ ಅವಳ ಕೈಹಿಡಿಯಬಲ್ಲುದು.