ಎಲೆ ಹಿಡಿಯುವುದು ಯಂತ್ರವಾದರೆ ಕೌಶಲ ಯಾರದು?

ಅರಸೀಕೆರೆ (ಹರಪನಹಳ್ಳಿ ತಾ.): ಇಸ್ಪೀಟು ಈ ಭಾಗಕ್ಕೆ ಹೊಸದಲ್ಲ. ದೀಪಾವಳಿ ಸಮೀಪಿಸಿದರೆ ಅಂದರ್-ಬಾಹರ್ ಅಡ್ಡೆಗಳ ಮೇಲಿನ ಪೊಲೀಸ್ ದಾಳಿಯೂ ಪತ್ರಿಕೆಗಳಿಗೆ ಮಾಮೂಲಿ ಸುದ್ದಿ. ಅಂದರ್-ಬಾಹರ್‌ನಲ್ಲಿ ಎಲೆ ಒಳಗೆ ಬೀಳುವುದೋ ಹೊರಗೋ ಎಂಬುದಷ್ಟೇ ಪ್ರಶ್ನೆ. ಆಡುವವನ ಬುದ್ಧಿಗೆ ಅಲ್ಲಿ ಕೆಲಸವಿಲ್ಲ. ರಮ್ಮಿಯಲ್ಲಿ ಹಾಗಲ್ಲ. ಯಾವ ಎಲೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕಾಚಾರ ಅಲ್ಲಿದೆ. ಸುಪ್ರೀಂ ಕೋರ್ಟ್ 1968ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿದ್ದು ಮುಖ್ಯವಾಗಿ ಈ ಹಿಡಿಯುವ-ಬಿಡುವ ಜಾಣ್ಮೆಯ ಆಧಾರದ ಮೇಲೆಯೇ.

ಆದರೆ ಹಿಡಿಯುವ, ಬಿಡುವ ಕೆಲಸವನ್ನೂ ಯಂತ್ರವೇ ಮಾಡಿಕೊಟ್ಟರೆ? ಕ್ಯಾಸಿನೊಗಳ ವಿಡಿಯೊ ಪೋಕರ್ ಯಂತ್ರಗಳಲ್ಲಿರುವ 'ಆಟೊ ಹೋಲ್ಡ್' ಸೌಲಭ್ಯ ಎತ್ತುವ ಪ್ರಶ್ನೆ ಇದು. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ, ಕೌಶಲ ಮತ್ತು ಅದೃಷ್ಟದ ನಡುವೆ ನಮ್ಮ ಕಾನೂನು ಎಳೆದಿರುವ ಗೆರೆ ಎಷ್ಟು ತೆಳುವಾದದ್ದು ಎಂಬುದನ್ನು ಇದು ಬಯಲು ಮಾಡುತ್ತದೆ.

ಏನಿದು ಆಟೊ ಹೋಲ್ಡ್?

ವಿಡಿಯೊ ಪೋಕರ್‌ನಲ್ಲಿ ಪರದೆಯ ಮೇಲೆ 5 ಎಲೆಗಳು ಬೀಳುತ್ತವೆ. ಬೇಕಾದವನ್ನು ಆಟಗಾರ ಗುಂಡಿ ಒತ್ತಿ ಉಳಿಸಿಕೊಳ್ಳುತ್ತಾನೆ. ಉಳಿದವುಗಳ ಜಾಗಕ್ಕೆ ಹೊಸ ಎಲೆಗಳು ಬರುತ್ತವೆ. ಅಂತಿಮ ಜೋಡಣೆಗೆ ಪರದೆಯಲ್ಲಿನ ಪಟ್ಟಿಯ ಪ್ರಕಾರ ಹಣ ದೊರೆಯುತ್ತದೆ. ಆಟೊ ಹೋಲ್ಡ್ ಇರುವ ಯಂತ್ರ ಎಲೆ ಹಂಚಿದೊಡನೆ ತಾನೇ ಕೆಲವನ್ನು ಹಿಡಿದು ತೋರಿಸುತ್ತದೆ. ಒಪ್ಪಿಗೆಯಾಗದಿದ್ದರೆ ಬದಲಾಯಿಸುವ ಸ್ವಾತಂತ್ರ್ಯ ಆಟಗಾರನಿಗೆ ಇದ್ದೇ ಇರುತ್ತದೆ.

ಇದರಿಂದ ಪ್ರಯೋಜನವಿಲ್ಲವೆಂದಲ್ಲ. ಗೆದ್ದ ಎಲೆಗಳನ್ನೇ ಅರಿಯದೆ ಬಿಟ್ಟುಬಿಡುವ ಹೊಸಬನನ್ನು ಅದು ಉಳಿಸುತ್ತದೆ. ಆದರೆ ಎಲ್ಲ ಯಂತ್ರಗಳ ಸಲಹೆಯೂ ಒಂದೇ ಗುಣಮಟ್ಟದ್ದಲ್ಲ. ಕೆಲವು ಅತ್ಯುತ್ತಮ ಆಯ್ಕೆಯನ್ನು ಸೂಚಿಸಿದರೆ, ಕೆಲವು ಆಗಲೇ ಕೂಡಿಬಂದ ಗೆಲುವಿನ ಎಲೆಗಳನ್ನಷ್ಟೇ ಹಿಡಿಯುತ್ತವೆ.

ಒಂದು ಉದಾಹರಣೆ: ಆಟೀನಿನ ಎಕ್ಕ, ರಾಜ, ರಾಣಿ, ಗುಲಾಮ ಮತ್ತು ನಾಲ್ಕು ಬಿದ್ದಿವೆ ಎನ್ನೋಣ. ಐದೂ ಒಂದೇ ಬಣ್ಣದವಾದ್ದರಿಂದ ಹಾಕಿದ ಹಣದ 6 ಪಟ್ಟು ಖಚಿತ. ಸರಳ ಯಂತ್ರ ಐದನ್ನೂ ಹಿಡಿದುಬಿಡುತ್ತದೆ. ಲೆಕ್ಕ ಬಲ್ಲವನು ನಾಲ್ಕನ್ನು ಬಿಟ್ಟು ಆಟೀನಿನ ಹತ್ತಕ್ಕೆ ಕಾಯುತ್ತಾನೆ. ಉಳಿದ 47 ಎಲೆಗಳಲ್ಲಿ ಹತ್ತು ಇರುವುದು ಒಂದೇ. ಆದರೆ ಗರಿಷ್ಠ 5 ನಾಣ್ಯ ಹಾಕಿದ್ದಾಗ ಅದಕ್ಕೆ ದೊರೆಯುವುದು 800 ಪಟ್ಟು. 800ನ್ನು 47ರಿಂದ ಭಾಗಿಸಿದರೆ ಸರಾಸರಿ 17 ಪಟ್ಟು. ಖಚಿತವಾದ 6ಕ್ಕಿಂತ ಇದು ಎಷ್ಟೋ ಹೆಚ್ಚು. ಇಲ್ಲಿ ಯಂತ್ರದ ಮಾತು ಕೇಳಿದವನಿಗೇ ನಷ್ಟ.

ಸಲಹೆ ಸರಿಯಿದ್ದರೂ ಮನೆಗೇ ಲಾಭ

ಸಲಹೆ ನೂರಕ್ಕೆ ನೂರು ಸರಿಯಿದ್ದರೂ ಆಟಗಾರ ಗೆಲ್ಲುವನೇ? ಗುಲಾಮ ಅಥವಾ ಅದಕ್ಕೂ ಮೇಲಿನ ಜೋಡಿಗೆ ಹಣ ಕೊಡುವ ಪ್ರಚಲಿತ ಆಟದಲ್ಲಿ, ಫುಲ್ ಹೌಸ್‌ಗೆ 9 ಮತ್ತು ಫ್ಲಷ್‌ಗೆ 6 ಪಟ್ಟು ಇರುವ ಯಂತ್ರ ತಪ್ಪಿಲ್ಲದೆ ಆಡಿದವನಿಗೆ ದೀರ್ಘಾವಧಿಯಲ್ಲಿ ಶೇ 99.54ರಷ್ಟು ಹಿಂದಿರುಗಿಸುತ್ತದೆ. ಇವೇ 8 ಮತ್ತು 5 ಆದರೆ ಶೇ 97.30. ನೋಟಕ್ಕೆ ಎರಡೂ ಒಂದೇ. 100 ರೂಪಾಯಿಗೆ ಒಂದರಲ್ಲಿ ಹೋಗುವುದು 46 ಪೈಸೆ, ಇನ್ನೊಂದರಲ್ಲಿ 2 ರೂಪಾಯಿ 70 ಪೈಸೆ. ಆಟಗಾರ ಆರಿಸಬೇಕಾದದ್ದು ಎಲೆಯನ್ನಲ್ಲ, ಯಂತ್ರವನ್ನು. ಆ ವಿಷಯದಲ್ಲಿ ಆಟೊ ಹೋಲ್ಡ್ ಮೌನ.

ವೇಗದ ಮಾತೂ ಇದೆ. ಯೋಚಿಸುವ ಕೆಲಸ ತಪ್ಪಿದರೆ ಆಟ ಬಿರುಸಾಗುತ್ತದೆ. ಪ್ರತಿ ಸುತ್ತಿಗೆ 50 ರೂಪಾಯಿಯಂತೆ ಎರಡನೆಯ ಯಂತ್ರದಲ್ಲಿ ಗಂಟೆಗೆ 500 ಸುತ್ತು ಆಡಿದರೆ ಸರಾಸರಿ ನಷ್ಟ 675 ರೂಪಾಯಿ; 700 ಸುತ್ತಾದರೆ 945 ರೂಪಾಯಿ. ತಪ್ಪು ಕಡಿಮೆಯಾದರೂ ಜೇಬು ಬೇಗ ಖಾಲಿಯಾಗಬಹುದು.

ಕರ್ನಾಟಕದ ಅನುಭವ

ಇಂತಹ ಯಂತ್ರಗಳ ವಿವಾದ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ವಿಡಿಯೊ ಗೇಮ್ ಪಾರ್ಲರ್‌ಗಳಿಗೆ ಪರವಾನಗಿ ಬೇಕೇ ಎಂಬ ಪ್ರಶ್ನೆ ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣವಾಗಿ ಸುಪ್ರೀಂ ಕೋರ್ಟ್ ತಲುಪಿತ್ತು. ಯಂತ್ರವನ್ನೇ ತಿದ್ದಲು ಸಾಧ್ಯವಿರುವಾಗ ನಿಪುಣ ಆಟಗಾರನ ಗೆಲುವೂ ಅದೃಷ್ಟಾಧೀನವೇ ಎಂದು 1995ರಲ್ಲಿ ನ್ಯಾಯಾಲಯ ನಿಯಂತ್ರಣವನ್ನು ಎತ್ತಿಹಿಡಿಯಿತು. ದಾಳ ಶಕುನಿಯದಾದರೆ ಧರ್ಮರಾಯನ ಜಾಣ್ಮೆಯಿಂದೇನು ಎಂಬುದು ಇದರ ತಾತ್ಪರ್ಯ. ಅಮೆರಿಕದ ನೆವಾಡಾದಲ್ಲಿ ಪರದೆಯ ಎಲೆಗಳು ನೈಜ ಕಟ್ಟಿನ ಸಂಭವನೀಯತೆಯಂತೆಯೇ ಬೀಳಬೇಕೆಂಬ ನಿಯಮವಿರುವುದು ಈ ಅಪನಂಬಿಕೆಯನ್ನು ನಿವಾರಿಸಲೆಂದೇ.

ನಂತರ ಆಟ ಮೊಬೈಲಿಗೆ ಬಂತು. ಕೌಶಲದ ಆಟಕ್ಕೆ ಹಣ ಕಟ್ಟುವುದನ್ನೂ ಅಪರಾಧವಾಗಿಸಿದ ರಾಜ್ಯದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಸಂಬಂಧಿತ ಅಂಶಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾದರೋ ಕೌಶಲ-ಅದೃಷ್ಟ ಭೇದವನ್ನೇ ಬದಿಗಿರಿಸಿ, ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ.

ಆದರೆ ಈ ಕಾಯ್ದೆ ಗೋವಾದ ಕ್ಯಾಸಿನೊಗಳನ್ನು ಮುಟ್ಟುವುದಿಲ್ಲ. ಅಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ 1992ರ ತಿದ್ದುಪಡಿಯೇ ಅವಕಾಶ ಕಲ್ಪಿಸಿದೆ. ಮೆಕ್ಕೆಜೋಳ ಮಾರಿದ ಹಣ ಕೈಗೆ ಬಂದ ಹರಪನಹಳ್ಳಿ ಸೀಮೆಯ ಯುವಕನಿಗೆ ಹೊಸಪೇಟೆ, ಹುಬ್ಬಳ್ಳಿ ಮಾರ್ಗವಾಗಿ ಗೋವಾ ಒಂದು ರಾತ್ರಿಯ ಪಯಣ.

ಆದ್ದರಿಂದ ಕಾನೂನು ಇನ್ನು ಕೇಳಬೇಕಾದದ್ದು ಆಟದ ಹೆಸರನ್ನಲ್ಲ. ತೀರ್ಮಾನ ಯಾರದು ಎಂಬುದನ್ನು. ರಮ್ಮಿಯಲ್ಲಿ ಎದುರಿಗೆ ಕುಳಿತವನೂ ಮನುಷ್ಯ, ಎಲೆ ಬಿಡುವವನೂ ಮನುಷ್ಯ. ಇಲ್ಲಿ ಎಲೆ ಹಂಚುವುದು, ಹಿಡಿಯುವುದು, ಹಣ ಎಣಿಸುವುದು ಎಲ್ಲವೂ ಯಂತ್ರವೇ. ಯಂತ್ರಗಳಿಗೆ ಅವಕಾಶವಿರುವ ಕಡೆ, ಅದರ ಸಲಹೆ ಅತ್ಯುತ್ತಮ ಆಯ್ಕೆಯೇ ಅಲ್ಲವೇ, 100 ರೂಪಾಯಿಗೆ ಸರಾಸರಿ ಎಷ್ಟು ಹಿಂದಿರುಗುತ್ತದೆ ಎಂಬೆರಡು ಸಂಗತಿಗಳನ್ನು ಪರದೆಯ ಮೇಲೆ ಬರೆಯುವುದು ಕಡ್ಡಾಯವಾಗಬೇಕು. ಇಲ್ಲವಾದರೆ ಆಟಗಾರನ ಪಾಲಿಗೆ ಉಳಿಯುವುದು ಹಣ ಹಾಕುವ ಕೆಲಸ ಮಾತ್ರ. ಅದಕ್ಕೆ ಕೌಶಲ ಬೇಕಿಲ್ಲ.