ಮುಪ್ಪಿನ ಮಿದುಳಿಗೂ ಕೆಲಸ ಬೇಕು

ಹದಿಮೂರು ವರ್ಷ ದಾಟಿದ ನಾಯಿ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ; ಆದರೆ ಬಾಗಿಲು ತೆರೆದುಕೊಳ್ಳುವ ಕಡೆಯಲ್ಲ, ಕೀಲುಗಳಿರುವ ಕಡೆ. ತೆರೆದ ಮೇಲೂ ಅಲ್ಲೇ ಕಾಯುತ್ತದೆ. ಮಂಚದ ಹಿಂದಿನ ಸಂದಿಗೆ ನುಗ್ಗಿದರೆ ಎರಡು ಹೆಜ್ಜೆ ಹಿಂದಕ್ಕೆ ಇಟ್ಟು ಹೊರಬರಬಹುದು ಎಂಬುದು ಹೊಳೆಯದೆ ಗೋಡೆ ನೋಡುತ್ತ ನಿಂತುಬಿಡುತ್ತದೆ. ಹಗಲೆಲ್ಲ ಮಲಗಿ, ರಾತ್ರಿ ಎದ್ದು ಮನೆಯೊಳಗೆ ಸುತ್ತುತ್ತದೆ. ‘ವಯಸ್ಸಾಯ್ತಲ್ಲ, ಪಾಪ’ ಎನ್ನುತ್ತಾರೆ ಮನೆಯವರು. ಮನೆಯ ಹಿರಿಯರ ವಿಷಯದಲ್ಲೂ ನಾವು ಆಡುವುದು ಇದೇ ಮಾತು. ಇದರಲ್ಲಿ ಕನಿಕರವಿದೆ, ಒಪ್ಪುತ್ತೇನೆ. ಆದರೆ ಈ ಮಾತು ಬಾಯಿಗೆ ಬಂದ ಮೇಲೆ ಯಾರೂ ಮುಂದಕ್ಕೆ ವಿಚಾರಿಸುವುದಿಲ್ಲ. ವಯಸ್ಸಿಗೆ ಮದ್ದಿಲ್ಲವಾದ್ದರಿಂದ ಈ ಸ್ಥಿತಿಗೂ ಮಾಡುವಂಥದ್ದೇನಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ತಪ್ಪೆಂದು ತೋರಿಸಿಕೊಟ್ಟವುಗಳಲ್ಲಿ ನಾಯಿಗಳೂ ಸೇರಿವೆ.

ಆಲ್‌ಝೈಮರ್ ಕಾಯಿಲೆಯವರ ಮಿದುಳಿನಲ್ಲಿ ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಇಲಿಗಳಿಗೆ ಇದು ತಾನಾಗಿ ಬರುವುದಿಲ್ಲ; ವಿಜ್ಞಾನಿಗಳು ಅವುಗಳ ಜೀನುಗಳನ್ನು ಬದಲಿಸಿ ಬರಿಸಬೇಕಾಗುತ್ತದೆ. ನಾಯಿಗೆ ವಯಸ್ಸಾದಂತೆ ತಾನಾಗಿಯೇ ಬರುತ್ತದೆ, ಮತ್ತು ಅದರ ಅಮಿಲಾಯ್ಡಿನ ರಚನೆ ನಮ್ಮದಕ್ಕೆ ಅಕ್ಷರಶಃ ಸಮ. ಅದರ ಮಿದುಳೂ ಕುಗ್ಗುತ್ತದೆ, ನರಕೋಶಗಳು ಸಾಯುತ್ತವೆ. ಮೇಲಾಗಿ ಅದು ಉಸಿರಾಡುವುದು ನಮ್ಮ ಮನೆಯ ಗಾಳಿ, ಕುಡಿಯುವುದು ನಮ್ಮ ನಲ್ಲಿಯ ನೀರು. ಮನುಷ್ಯರ ನರಕೋಶಗಳೊಳಗೆ ಟಾವ್ ಪ್ರೋಟೀನಿನಿಂದ ಕಟ್ಟಿಕೊಳ್ಳುವ ಸಿಕ್ಕುಗಳು ಮಾತ್ರ ನಾಯಿಗಳಲ್ಲಿ ಆ ಪ್ರಮಾಣದಲ್ಲಿ ಕಾಣುವುದಿಲ್ಲ. ಹಾಗಾಗಿ ಎರಡೂ ಒಂದೇ ಕಾಯಿಲೆ ಎನ್ನುವಂತಿಲ್ಲ. ಆದರೂ ಹೋಲಿಕೆ ಸಣ್ಣದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ. 28ರಷ್ಟಕ್ಕೆ, 15-16ರವುಗಳಲ್ಲಿ ಶೇ. 68ರಷ್ಟಕ್ಕೆ ಮೊದಲು ಹೇಳಿದಂಥ ಒಂದಾದರೂ ಲಕ್ಷಣವಿತ್ತು.

ನನಗೆ ಮುಖ್ಯವೆನಿಸುವುದು ಬೀಗಲ್ ಜಾತಿಯ ಮುದಿ ನಾಯಿಗಳ ಮೇಲೆ ನಡೆದ ಎರಡು ಪ್ರಯೋಗಗಳು. ಟೊರೊಂಟೊದ ಮಿಲ್ಗ್ರಾಮ್, ಕ್ಯಾಲಿಫೋರ್ನಿಯಾದ ಕಾಟ್ಮನ್ ಮತ್ತು ಎಲಿಜಬೆತ್ ಹೆಡ್ ಮೊದಲಾದ ಸಂಶೋಧಕರ ತಂಡ ಒಂದಷ್ಟು ನಾಯಿಗಳಿಗೆ ಪಾಲಕ್, ಟೊಮೆಟೊ, ಕ್ಯಾರೆಟ್, ವಿಟಮಿನ್ ‘ಇ’ ಮತ್ತು ‘ಸಿ’ ಬೆರೆಸಿದ ಆಹಾರ ಕೊಟ್ಟಿತು. ಇನ್ನೊಂದಷ್ಟಕ್ಕೆ ಜೊತೆಗಾರ ನಾಯಿ, ಆಟಿಕೆ, ಹೊರಗೆ ನಡಿಗೆ, ದಿನದ ಪಾಠ. ಕೆಲವಕ್ಕೆ ಎರಡೂ, ಕೆಲವಕ್ಕೆ ಯಾವುದೂ ಇಲ್ಲ. ಪರೀಕ್ಷೆ ಸರಳ: ಎರಡು ವಸ್ತುಗಳಲ್ಲಿ ಒಂದರಡಿ ತಿಂಡಿ ಇರುತ್ತದೆ, ನಾಯಿ ಅದನ್ನು ಕಲಿತ ಮೇಲೆ ತಿಂಡಿ ಇನ್ನೊಂದರಡಿಗೆ ಹೋಗುತ್ತದೆ. ಹಳೆಯ ಪಾಠ ಬಿಟ್ಟು ಹೊಸದನ್ನು ಹಿಡಿಯಬೇಕು, ಮುಪ್ಪಿನ ಮಿದುಳಿಗೆ ಅದೇ ಕಷ್ಟ. ಸುಮಾರು ಮೂರು ವರ್ಷ ನಡೆದ ಈ ಪ್ರಯೋಗದಲ್ಲಿ ಎರಡನ್ನೂ ಪಡೆದ ನಾಯಿಗಳೇ ಎಲ್ಲಕ್ಕಿಂತ ಚೆನ್ನಾಗಿ ಕಲಿತವು. ಒಡನಾಟ ಮತ್ತು ಕಲಿಕೆ ಸಿಕ್ಕಿದ್ದ ನಾಯಿಗಳಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳು ಹೆಚ್ಚು ಉಳಿದಿದ್ದವು.

ಇದೇ ಸಂಶೋಧಕರಲ್ಲಿ ಹಲವರಿದ್ದ ತಂಡ ಮುದಿ ಬೀಗಲ್‌ಗಳಿಗೆ ಅಮಿಲಾಯ್ಡ್ ವಿರುದ್ಧದ ಲಸಿಕೆ ಕೊಟ್ಟು ಎರಡು ವರ್ಷ ನೋಡಿತು. 2008ರಲ್ಲಿ ಬಂದ ಫಲಿತಾಂಶದಲ್ಲಿ ಗಡ್ಡೆಗಳು ಕಡಿಮೆಯಾಗಿದ್ದವು, ಕಲಿಯುವ ಶಕ್ತಿ ಮಾತ್ರ ಅದಕ್ಕೆ ತಕ್ಕಂತೆ ಮರಳಿರಲಿಲ್ಲ. ಮಿದುಳು ತೊಳೆದರೆ ಸಾಲದು ಎಂದಂತಾಯಿತು. ಮನುಷ್ಯರಲ್ಲೂ ಹಾಗೆಯೇ: 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಅಮಿಲಾಯ್ಡನ್ನು ತೆಗೆಯುತ್ತದೆ, ಕುಸಿತವನ್ನು ಸ್ವಲ್ಪ ನಿಧಾನಿಸುತ್ತದೆ, ಹೋದ ನೆನಪನ್ನು ತಂದುಕೊಡುವುದಿಲ್ಲ. (ಈ ಪ್ರಯೋಗಗಳ ಕೊನೆಯಲ್ಲಿ ಮಿದುಳು ಪರೀಕ್ಷಿಸಲೆಂದು ನಾಯಿಗಳನ್ನು ಕೊಲ್ಲಲಾಯಿತು. ಅವುಗಳಿಂದ ಕಲಿತದ್ದನ್ನು ಬಳಸದೆ ಬಿಡುವುದು ಇನ್ನೂ ದೊಡ್ಡ ಅನ್ಯಾಯ.)

ಇಲ್ಲೊಂದು ಆಕ್ಷೇಪವಿದೆ. 2022ರಲ್ಲಿ ಅಮೆರಿಕದ ‘ಡಾಗ್ ಏಜಿಂಗ್ ಪ್ರಾಜೆಕ್ಟ್’ 15,019 ಸಾಕುನಾಯಿಗಳ ಮಾಹಿತಿಯಿಂದ, ಓಡಾಟವಿಲ್ಲದ ನಾಯಿಗಳಲ್ಲಿ ಮರೆಗುಳಿತನದ ಸಂಭವ ಹಲವು ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಓಡಾಡದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದದ್ದರಿಂದ ಓಡಾಟ ನಿಂತಿತೋ? ನ್ಯಾಯವಾದ ಪ್ರಶ್ನೆ. ಮಾಲೀಕರ ಉತ್ತರಗಳಿಂದ ಅದನ್ನು ಬಗೆಹರಿಸಲಾಗದು. ಅದಕ್ಕೇ ಬೀಗಲ್ ಪ್ರಯೋಗಕ್ಕೆ ಬೆಲೆ: ಅಲ್ಲಿ ಯಾವ ನಾಯಿಗೆ ಒಡನಾಟ ಸಿಗಬೇಕೆಂದು ತೀರ್ಮಾನಿಸಿದ್ದು ನಾಯಿಯ ಆರೋಗ್ಯವಲ್ಲ, ಸಂಶೋಧಕರು.

ಮನುಷ್ಯರ ಲೆಕ್ಕವೂ ಅತ್ತಲೇ ಬೆರಳು ತೋರುತ್ತದೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನೋಡಿಕೊಂಡರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದು ಎಂದಿತು. ಬಿ.ಪಿ., ಸಕ್ಕರೆ ಕಾಯಿಲೆಗಳ ಜೊತೆ ಕಿವುಡು, ಮಂಜಾದ ಕಣ್ಣು, ಒಂಟಿತನವೂ ಆ ಪಟ್ಟಿಯಲ್ಲಿವೆ. ಭಾರತದಲ್ಲಿ ಈಗಾಗಲೇ ಸುಮಾರು 88 ಲಕ್ಷ ಹಿರಿಯರು ಡಿಮೆನ್ಷಿಯಾದಲ್ಲಿದ್ದಾರೆಂದು ಅಂದಾಜು. ನಮ್ಮ ಹಳ್ಳಿಯವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದವರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದಿದೆ.

ಈ ನಡುವೆ ಮನೆಗಳಲ್ಲಿ ನಡೆಯುವುದೇನು? ಅಜ್ಜಿ ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಮರುದಿನದಿಂದ ಒಲೆಯ ಹತ್ತಿರ ಬಿಡುವುದಿಲ್ಲ. ಒಲೆ ಸರಿ, ಬೆಂಕಿಯ ಭಯ. ಆದರೆ ಅದರ ಹಿಂದೆಯೇ ಅವರೆಕಾಯಿ ಸುಲಿಯುವ ಮೊರವೂ ಹೋಗುತ್ತದೆ, ಹಾಲಿನವನ ಲೆಕ್ಕವೂ ಹೋಗುತ್ತದೆ, ‘ನೀವು ಸುಮ್ಮನೆ ಕೂತ್ಕೊಳ್ಳಿ ಅಜ್ಜಿ’ ಎಂಬ ಅಕ್ಕರೆಯಲ್ಲಿ. ಕಿವಿ ಸರಿಯಾಗಿ ಕೇಳಿಸದವರೊಡನೆ ಮಾತಾಡುವುದು ದಣಿವು ಎಂದು ಮಾತೂ ನಿಲ್ಲುತ್ತದೆ. ನಾಯಿಯ ಪಾಡೂ ಬೇರೆಯಲ್ಲ: ನಡೆಯಲಾರದು ಎಂದು ಸಂಜೆಯ ಸುತ್ತಾಟ ನಿಲ್ಲಿಸುತ್ತೇವೆ. ಹೀಗೆ, ಮಿದುಳಿನಲ್ಲಿ ಉಳಿದಿದ್ದ ಕೆಲಸವನ್ನು ಕಾಯಿಲೆಗಿಂತ ಮೊದಲು ನಾವೇ ಕಿತ್ತುಕೊಳ್ಳುತ್ತೇವೆ.

ಮೊದಲು ಆಗಬೇಕಾದದ್ದು ತಪಾಸಣೆ. ಬಿ-12 ಕೊರತೆ, ಥೈರಾಯ್ಡ್ ದೋಷ, ಖಿನ್ನತೆ ಹಿರಿಯರಲ್ಲಿ ಮರೆವಿನ ವೇಷದಲ್ಲಿ ಬರುತ್ತವೆ. ನಾಯಿಯಲ್ಲಿ ಕೀಲುನೋವು, ಕಣ್ಣಿನ ಪೊರೆ, ಮೂತ್ರದ ಸೋಂಕು. ಇವಕ್ಕೆ ಚಿಕಿತ್ಸೆ ಇದೆ. ಇವೇನೂ ಅಲ್ಲವೆಂದಾದರೂ ನಾಯಿಗೆ ಸೆಲೆಜಿಲಿನ್ ಎಂಬ ಔಷಧವಿದೆ. ಅಮೆರಿಕದಲ್ಲಿ ಈ ತೊಂದರೆಗೆ ಅದು 1998ರಿಂದಲೇ ಬಳಕೆಯಲ್ಲಿದೆ. ಅದರ ಜೊತೆಗೆ ನಿಧಾನದ ನಡಿಗೆ, ಮೂಸಿ ಹುಡುಕಲು ಮೂಲೆಯಲ್ಲಿ ಬಚ್ಚಿಟ್ಟ ಚಪಾತಿ ಚೂರು. ಅಜ್ಜಿಗೆ ಕಿವಿಯ ಯಂತ್ರ, ಮತ್ತೆ ಕೈಗೆ ಮೊರ. ಸುಲಿದ ಕಾಳಿನಲ್ಲಿ ಸಿಪ್ಪೆ ಉಳಿದಿದ್ದರೆ ಆಮೇಲೆ ಯಾರಾದರೂ ಆರಿಸಿಕೊಳ್ಳಲಿ.